ಬೇಸಿಗೆಯಲ್ಲಿ ಕೋಟಿಂಗ್ ಮಾಡಿಸಿದರೂ ಹಾಲ್ ಫ್ಯಾನ್ ಹತ್ತಿರ ನೀರು ತೊಟ್ಟಿಕ್ಕುತ್ತಿದೆ, ಎಲ್ಲಿಂದ ಅಂತ ಹುಡುಕೋದು ಹೇಗೆ?

ಸಿಂಧನೂರು ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರಿನಲ್ಲಿ ಆರ್‌ಸಿಸಿ ಮನೆ. ಕೆಳಗೆ ಮಾತ್ರ ಮನೆ, ಮೇಲೆ ಮೆಟ್ಟಿಲಿನ ರೂಮು, ನೀರಿನ ಟ್ಯಾಂಕು, ಸೋಲಾರ್ ಇದೆ. ಮುಂದೆ ಮೇಲೊಂದು ಮನೆ ಎಬ್ಬಿಸೋಣ ಅಂತ ಪಿಲ್ಲರ್ ಕಂಬಿಗಳನ್ನು ಹಾಗೇ ಬಿಟ್ಟಿದ್ದೇವೆ. ಕಟ್ಟಿ ಹತ್ತು ವರ್ಷದ ಮೇಲಾಯಿತು. ಮೇಲಿನ ಮನೆ ಇನ್ನೂ ಮಾತಿನಲ್ಲೇ ಇದೆ.

ಹೋದ ವರ್ಷದ ಮಳೆಗೆ ಹಾಲ್‌ನಲ್ಲಿ ಸೋರಿತು. ಈ ಏಪ್ರಿಲ್‌ನಲ್ಲಿ ಒಬ್ಬರನ್ನು ಕರೆಸಿ ಇಡೀ ಮಾಳಿಗೆಗೆ ಬಿಳಿ ಕೋಟಿಂಗ್ ಹೊಡೆಸಿದೆವು. ಐದು ವರ್ಷ ಗ್ಯಾರಂಟಿ ಅಂದಿದ್ದರು. ಈಗ ಮಳೆ ಬಿದ್ದ ಮೇಲೆ ನೋಡಿದರೆ ಅದೇ ಜಾಗ, ಫ್ಯಾನ್ ಕೊಂಡಿಯ ಪಕ್ಕದಿಂದ ನೀರು ತೊಟ್ಟಿಕ್ಕುತ್ತಿದೆ. ವಿಚಿತ್ರ ಅಂದ್ರೆ ಮಳೆ ಬರುವಾಗ ಬರೋದಿಲ್ಲ. ಮಳೆ ನಿಂತು ಎರಡು ಮೂರು ತಾಸಾದ ಮೇಲೆ ಶುರುವಾಗಿ ರಾತ್ರಿಯೆಲ್ಲ ಬರುತ್ತೆ. ಕೆಳಗೆ ಬಕೆಟ್ ಇಟ್ಟರೆ ನೀರು ಸ್ವಲ್ಪ ಕಂದು ಬಣ್ಣ. ಇದರ ಜೊತೆಗೆ ಮಲಗುವ ಕೋಣೆಯ ಮೂಲೆಯಲ್ಲಿ, ಗೋಡೆಗೂ ಸ್ಲ್ಯಾಬಿಗೂ ಸೇರುವ ಕಡೆ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿದೆ. ಮುಟ್ಟಿದರೆ ಕೈಗೆ ಬಿಳಿ ಉಪ್ಪು ಅಂಟುತ್ತೆ.

ಕೋಟಿಂಗ್ ಹೊಡೆದವರು ಈಗ ಫೋನ್ ಎತ್ತುತ್ತಿಲ್ಲ. ಇನ್ನೊಬ್ಬ ಗೌಂಡಿ ಬಂದು ಮಧ್ಯಾಹ್ನದ ಚಹಾ ಕುಡಿದು, "ಪೂರಾ ಮೇಲೆ ಇನ್ನೊಂದು ಪದರ ಕಾಂಕ್ರೀಟ್ ಹಾಕಬೇಕ್ರಿ, ಎಂಬತ್ತು ಸಾವಿರ ಆಗ್ತದ" ಅಂದು ಹೋದ. ಮೈದುನ ತಗಡಿನ ಶೆಡ್ ಹಾಕಿಸಿಬಿಡಿ ಅಂತಾನೆ. ನಮ್ಮ ಅತ್ತೆಯವರದು ಒಂದೇ ಮಾತು: "ನಮ್ಮ ಮಣ್ಣಿನ ಮಾಳಿಗಿ ಒಂದು ಹನಿ ಸೋರಿದ್ದಿಲ್ಲ."

ಫ್ಯಾನಿನ ಮೇಲ್ಗಡೆ ಹೋಗಿ ನೋಡಿದರೆ ಬಿರುಕೂ ಇಲ್ಲ, ಏನೂ ಇಲ್ಲ. ಕೋಟಿಂಗ್ ಹಾಲಿನಂತೆ ಬೆಳ್ಳಗಿದೆ. ದಸರಾದೊಳಗೆ ಸರಿ ಮಾಡಿಸಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ರಾಯಚೂರು ರೈಡರ್

ತಗಡು ಹಾಕಿಸಿ ಮೇಡಂ. ನಾವು ಹಾಕಿಸಿದ್ದೇವೆ. ಸೋರೋದೂ ಇಲ್ಲ, ಬೇಸಿಗೆಯಲ್ಲಿ ಮನೆಯೂ ತಣ್ಣಗೆ. ಮೇಲೆ ಬಟ್ಟೆ ಒಣಗಿಸಲಿಕ್ಕೂ ಆಯ್ತು.

ಗಂಗಾವತಿ ಹಾರ್ಡ್‌ವೇರ್

ಅಕ್ಕೋರೆ, ನನ್ನದು ಗಂಗಾವತಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನನ್ನ ವ್ಯಾಪಾರ ನಡೆಯೋದೇ ಸೋರುವ ಮಾಳಿಗೆಗಳಿಂದ. ಆದರೂ ಹೇಳ್ತೀನಿ, ಸದ್ಯಕ್ಕೆ ಏನೂ ಕೊಳ್ಳಬೇಡಿ. ಎಂಬತ್ತು ಸಾವಿರದ ಕಾಂಕ್ರೀಟಂತೂ ಬೇಡವೇ ಬೇಡ. ಸ್ಲ್ಯಾಬಿನ ಮೇಲೆ ಸುಮ್ನೆ ಭಾರ ಆಗುತ್ತೆ, ನೀರು ಬರೋ ಬಾಯಿ ಅದರ ಕೆಳಗೆ ಹಾಗೇ ಉಳಿಯುತ್ತೆ. ಆಮೇಲೆ ಹುಡುಕೋದು ಇನ್ನೂ ಕಷ್ಟ.

ಅಂಗಡಿಗೆ ಬರೋರೆಲ್ಲ ಮೊಬೈಲ್ ತೆಗೆದು ಒಳಗಿನ ಸೀಲಿಂಗ್ ಫೋಟೋ ತೋರಿಸ್ತಾರೆ. ಮಾಳಿಗೆ ಮೇಲಿನ ಫೋಟೋ ತಂದವರು ಬೆರಳೆಣಿಕೆ. ನೀರು ಬೀಳೋ ಜಾಗ ಮತ್ತು ನೀರು ಒಳಗೆ ಹೋಗೋ ಜಾಗ ಒಂದೇ ಅಂತ ಎಲ್ಲರ ಲೆಕ್ಕ. ಅದರಲ್ಲೂ ಫ್ಯಾನ್ ಹತ್ತಿರ ಸೋರಿದರೆ ಆ ಲೆಕ್ಕ ತಪ್ಪಾಗೋದೇ ಜಾಸ್ತಿ. ಸ್ಲ್ಯಾಬ್ ಹಾಕೋ ಮೊದಲು ಕಂಬಿಯ ನಡುವೆ ವೈರಿನ ಪೈಪ್ ಎಳೆದಿರ್ತಾರಲ್ಲ, ಅವೆಲ್ಲ ಬಂದು ಕೂಡೋದು ಫ್ಯಾನ್ ಬಾಕ್ಸಿನಲ್ಲಿ. ಎಲ್ಲೋ ಹತ್ತು ಅಡಿ ಆಚೆ ಬಿರುಕಿನಲ್ಲಿ ಇಳಿದ ನೀರು ಆ ಪೈಪಿಗೆ ಸಿಕ್ಕರೆ ಸೀದಾ ಫ್ಯಾನ್ ಬಾಕ್ಸಿಗೇ ಬರುತ್ತೆ. ಅದಕ್ಕೇ ನಿಮಗೆ ಫ್ಯಾನಿನ ಮೇಲ್ಗಡೆ ಏನೂ ಕಾಣಲಿಲ್ಲ.

ನೀವು ಬರೆದಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಎರಡು ಮಾತು. ಒಂದು, ಮಳೆ ನಿಂತ ಮೇಲೆ ಶುರುವಾಗೋದು. ಮಳೆ ಬೀಳುತ್ತಿದ್ದ ಹಾಗೇ ಸುರಿದಿದ್ದರೆ ಮೇಲೆ ಬಾಯಿ ತೆರೆದ ಪೈಪ್ ಬಿಟ್ಟಿದ್ದಾರಾ ಅಂತ ಕೇಳುತ್ತಿದ್ದೆ. ಮೇಲಿನ ಮಹಡಿಗೆ ಬೇಕಾಗುತ್ತೆ ಅಂತ ವೈರಿನ ಪೈಪನ್ನು ಹಾಗೇ ಮೇಲಕ್ಕೆ ನಿಲ್ಲಿಸಿ, ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ ಬಿಡ್ತಾರೆ. ಒಂದು ಬೇಸಿಗೆಗೆ ಚೀಲ ಪುಡಿ ಪುಡಿ. ನಿಮ್ಮದು ತಡವಾಗಿ ಶುರುವಾಗಿ ರಾತ್ರಿಯೆಲ್ಲ ಬರುತ್ತೆ ಅಂದ್ರೆ ಮೇಲೆ ಎಲ್ಲೋ ನೀರು ನಿಲ್ಲುತ್ತೆ, ನಿಂತ ನೀರು ನಿಧಾನಕ್ಕೆ ಇಳಿಯುತ್ತೆ. ಎರಡು, ಕಂದು ಬಣ್ಣ. ಅದು ತುಕ್ಕು ಇರಬಹುದು. ನೀರು ಕಂಬಿ ಹಿಡಿದುಕೊಂಡು ಬರ್ತಿದೆ ಅಂತ ಅನುಮಾನ.

ನಮ್ಮ ಕಡೆ ಮಳೆ ಕಡಿಮೆ. ಹಾಗಾಗಿ ಸ್ಲ್ಯಾಬಿಗೆ ವಾಟ ಕೊಡೋದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳೋದಿಲ್ಲ. 100 ಅಡಿಗೆ ಒಂದು ಅಡಿ ಇಳಿಜಾರು, ಅಂದ್ರೆ ಹತ್ತು ಅಡಿಗೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ಎಷ್ಟು ಮನೆಯಲ್ಲಿದೆ? ವರ್ಷವೆಲ್ಲ ಬಿಸಿಲು, ನಡೆದು ಹೋಗುತ್ತೆ. ಸೆಪ್ಟೆಂಬರ್ ಬಂದಾಗ ಎಲ್ಲ ಹೊರಗೆ ಬೀಳುತ್ತೆ, ಯಾಕಂದ್ರೆ ನಮ್ಮ ಕಡೆ ಜಾಸ್ತಿ ಮಳೆ ಆ ತಿಂಗಳಲ್ಲೇ.

ಇವತ್ತೇ ಮೇಲೆ ಹೋಗಿ ಇಷ್ಟು ನೋಡಿ ಬನ್ನಿ. ನೀರು ಹೋಗೋ ಪೈಪಿನ ಬಾಯಿ ನೆಲಕ್ಕಿಂತ ಎತ್ತರ ಇದೆಯಾ? ಒಂದು ರೂಪಾಯಿ ನಾಣ್ಯ ಅಡ್ಡ ನಿಲ್ಲಿಸಿದಷ್ಟು ಎತ್ತರ ಇದ್ದರೂ ಸಾಕು, ಮಾಳಿಗೆ ಕೆರೆ ಆಗುತ್ತೆ. ಪೈಪಿನ ಸುತ್ತ ಸಿಮೆಂಟ್ ಬಿಟ್ಟಿದೆಯಾ? ಪಿವಿಸಿ ನುಣ್ಣಗಿರುತ್ತೆ, ಸಿಮೆಂಟ್ ಅದಕ್ಕೆ ಹಿಡಿಯೋದಿಲ್ಲ. ಪಿಲ್ಲರ್ ಕಂಬಿಗಳ ಬುಡ ನೋಡಿ. ಟ್ಯಾಂಕ್ ಕಟ್ಟೆಯ ಸುತ್ತ ನೋಡಿ. ಸೋಲಾರ್ ಸ್ಟ್ಯಾಂಡನ್ನು ಸ್ಲ್ಯಾಬಿಗೆ ಕೊರೆದು ಬೋಲ್ಟ್ ಹಾಕಿದ್ದಾರಾ? ಮದುವೆ, ಗೃಹಪ್ರವೇಶಕ್ಕೆ ಹಂದರ ಹಾಕೋರು ಕೊರೆದ ತೂತು ಇದೆಯಾ? ಡಿಶ್ ತೆಗೆದ ಮೇಲೆ ಉಳಿದ ತೂತು? ಇವನ್ನು ಯಾರೂ ಲೆಕ್ಕಕ್ಕೇ ಇಡೋದಿಲ್ಲ.

ಸಿಂಧನೂರು ಅಕ್ಕೋರು

ಸರ್, ತುಂಬಾ ಧನ್ಯವಾದ. ಸಂಜೆ ಶಾಲೆಯಿಂದ ಬಂದು ಮಗನ ಜೊತೆ ಮೇಲೆ ಹೋಗಿ ನೋಡಿದೆ.

ಪೈಪಿನ ಬಾಯಿ ಎತ್ತರ ಇಲ್ಲ, ಆದರೆ ಅರ್ಧ ಮುಚ್ಚಿತ್ತು. ಬೇಸಿಗೆಯಲ್ಲಿ ಮೇಲೆ ಮೆಣಸಿನಕಾಯಿ ಒಣಗಿಸಿದ್ದೆವು. ಅದರ ತೊಟ್ಟು, ಬೀಜ, ಪಾರಿವಾಳದ ಪುಕ್ಕ ಎಲ್ಲ ಸೇರಿ ಗಟ್ಟಿಯಾಗಿ ಕೂತಿತ್ತು. ಮಗ ಕಂಬಿ ಹಾಕಿ ಎಳೆದ. ಇಡೀ ಮಾಳಿಗೆಗೆ ಇರೋದು ಅದೊಂದೇ ಪೈಪ್.

ಟ್ಯಾಂಕಿನ ಹತ್ತಿರ ಎರಡು ಪಿಲ್ಲರ್ ಕಂಬಿಗಳ ಗುಂಪು ಇದೆ. ಅವುಗಳ ಬುಡದಲ್ಲಿ ಸಿಮೆಂಟ್ ಒಡೆದು ಕೆಂಪಗಾಗಿದೆ. ಕೋಟಿಂಗ್ ಹೊಡೆದವರು ಕಂಬಿಗಳ ಸುತ್ತ ಬ್ರಷ್ ಆಡಿಸೇ ಇಲ್ಲ, ಅಂಗೈಯಷ್ಟು ಜಾಗ ಹಾಗೇ ಬಿಟ್ಟಿದ್ದಾರೆ! ನೀರು ನಿಂತು ಒಣಗಿದ ಕಲೆ ಆ ಕಂಬಿಗಳವರೆಗೂ ಇದೆ. ಫ್ಯಾನಿಗೂ ಅದಕ್ಕೂ ಹದಿನೈದು ಅಡಿ ದೂರ ಇರಬಹುದು. ಅಷ್ಟು ದೂರದಿಂದ ಬರುತ್ತಾ?

ಸೋಲಾರ್ ಸ್ಟ್ಯಾಂಡ್ ಸಿಮೆಂಟ್ ಕಟ್ಟೆ ಮೇಲಿದೆ, ತೂತು ಕೊರೆದಿಲ್ಲ.

ಬಳ್ಳಾರಿ ವೈರ್‌ಮನ್

ಬರುತ್ತೆ ಮೇಡಂ. ಅದಕ್ಕಿಂತ ದೂರದಿಂದ ಬಂದಿದ್ದನ್ನು ನೋಡಿದ್ದೇನೆ. ಒಂದು ಮನೆಯಲ್ಲಿ ಸ್ವಿಚ್ ಬೋರ್ಡ್ ಒಳಗಿಂದ ನೀರು ಬರುತ್ತಿತ್ತು. ಗೋಡೆ ಒಣಗಿದೆ, ಬೋರ್ಡ್ ಮಾತ್ರ ಒದ್ದೆ. ಪೈಪ್ ಮೂಲಕ ಮೇಲಿಂದ ಇಳಿದಿತ್ತು.

ನಾನು ಬರೆದಿದ್ದು ಬೇರೆ ಕಾರಣಕ್ಕೆ. ಆ ಫ್ಯಾನ್ ಹಾಕಬೇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಎಷ್ಟೋ ಹಳೆ ವೈರಿಂಗ್‌ನಲ್ಲಿ ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರುತ್ತೆ, ಆಫ್ ಮಾಡಿದರೂ ಫ್ಯಾನ್ ಬಾಕ್ಸಿನಲ್ಲಿ ಕರೆಂಟ್ ಇರುತ್ತೆ. ಮೇನ್ ಬೋರ್ಡಿನಲ್ಲಿ ಆ ರೂಮಿನ ಎಂಸಿಬಿಯನ್ನೇ (ಕರೆಂಟ್ ಕಡಿಯೋ ಸ್ವಿಚ್) ಇಳಿಸಿ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಮಾಡೋ ಸ್ವಿಚ್) ಇಲ್ಲ ಅಂದ್ರೆ ಈ ನೆಪದಲ್ಲಿ ಒಂದು ಹಾಕಿಸಿಕೊಳ್ಳಿ, 30 ಮಿಲಿ ಆಂಪಿಯರ್‌ನದು. ನೀರು ಬರೋದು ನಿಂತ ಮೇಲೂ ಬಾಕ್ಸ್ ಬಿಚ್ಚಿ ಒಣಗಿಸಿ, ವೈರ್ ಜಾಯಿಂಟ್ ನೋಡಿಸಿಯೇ ಆನ್ ಮಾಡಿ. ಕೆಳಗೆ ಬಕೆಟ್ ಇಡೋದಾದರೆ ಸ್ಟೀಲಿನದು ಬೇಡ.

ಕನಕಗಿರಿ ಹುಡುಗ

ನಡುವೆ ಬಂದಿದ್ದಕ್ಕೆ ಬೇಜಾರಾಗಬೇಡಿ. ನಮ್ಮದು ಕಲ್ಲು ಚಪ್ಪಡಿಯ ಮನೆ, ತಾತನ ಕಾಲದ್ದು. ಚಪ್ಪಡಿ ಸೇರುವ ಸಂದಿನಲ್ಲಿ ಪ್ರತಿ ವರ್ಷ ಸಿಮೆಂಟ್ ತುಂಬ್ತೀವಿ, ಮುಂದಿನ ವರ್ಷ ಅಲ್ಲೇ ಕೂದಲೆಳೆ ಬಿರುಕು ಬಿಡುತ್ತೆ. ಇದಕ್ಕೆ ಏನಾದ್ರೂ ಇದೆಯಾ ಅಣ್ಣಾರೆ?

ಗಂಗಾವತಿ ಹಾರ್ಡ್‌ವೇರ್

ವೈರ್‌ಮನ್ ಅಣ್ಣ ಹೇಳಿದ್ದನ್ನು ಮೊದಲು ಮಾಡಿ ಅಕ್ಕೋರೆ. ಉಳಿದಿದ್ದೆಲ್ಲ ಆಮೇಲೆ.

ಕನಕಗಿರಿ ತಮ್ಮಾ, ನಿನ್ನ ಚಪ್ಪಡಿ ಬಿಸಿಲಿಗೆ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. ಹಳೆಯವರು ಅದರ ಮೇಲೆ ಸುಣ್ಣದ ಗಚ್ಚು ಹಾಕುತ್ತಿದ್ದರು. ಸುಣ್ಣಕ್ಕೆ ಒಂಚೂರು ಬಾಗೋ ಗುಣ ಇದೆ, ಸಿಮೆಂಟಿಗೆ ಇಲ್ಲ. ಸಂದಿಯಲ್ಲಿರೋ ಸಿಮೆಂಟ್ ಕೆತ್ತಿ ತೆಗಿ, ಧೂಳು ಊದು, ಪೂರಾ ಒಣಗಲಿ. ಆಮೇಲೆ ಪಾಲಿಯುರಿಥೇನ್ ಸೀಲೆಂಟ್ ತುಂಬು, ಅದು ರಬ್ಬರಿನ ಹಾಗೆ ಹಿಗ್ಗುತ್ತೆ. ಸಂದಿ ಆಳ ಇದ್ದರೆ ಕೆಳಗೆ ಫೋಮ್ ಹಗ್ಗ ಕೂರಿಸಿ ಮೇಲೆ ತುಂಬು, ದುಡ್ಡು ಉಳಿಯುತ್ತೆ.

ಈ ಹಿಗ್ಗೋದು ಕುಗ್ಗೋದು ಆರ್‌ಸಿಸಿಗೂ ಇದೆ. 40 ಅಡಿ ಉದ್ದದ ಸ್ಲ್ಯಾಬಿಗೆ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ 30 ಡಿಗ್ರಿ ವ್ಯತ್ಯಾಸ ಬಿದ್ದರೆ ಅದು ಮೂರೂವರೆ ಮಿಲಿಮೀಟರಿನಷ್ಟು ಆಚೀಚೆ ಆಗುತ್ತೆ. ಕೆಳಗಿನ ಗೋಡೆಗೆ, ಮೇಲಿನ ಪ್ಯಾರಾಪೆಟ್‌ಗೆ (ಮಾಳಿಗೆ ಅಂಚಿನ ಗಿಡ್ಡ ಗೋಡೆ) ಅಷ್ಟು ಆಗೋದಿಲ್ಲ. ಹಾಗಾಗಿ ಸ್ಲ್ಯಾಬ್ ಸೇರೋ ಕಡೆಯೇ ಅಡ್ಡ ಬಿರುಕು ಬಿಡುತ್ತೆ. ಅಕ್ಕೋರೆ, ನಿಮ್ಮ ಮಲಗೋ ಕೋಣೆ ಮೂಲೆಯ ಉಪ್ಪು ಅಲ್ಲಿಂದಲೇ ಇರಬೇಕು. ಅದಕ್ಕೂ ಫ್ಯಾನಿಗೂ ಸಂಬಂಧ ಇಲ್ಲ ಅನ್ನಿಸುತ್ತೆ. ಎರಡು ಬೇರೆ ಬೇರೆ ಕಾಯಿಲೆ.

ಸಿಂಧನೂರು ಅಂದ ಮೇಲೆ ಇನ್ನೊಂದು ಮಾತು ಕೇಳಬೇಕು. ನಿಮ್ಮದು ಎರೆ ಭೂಮಿ ಅಲ್ವಾ? ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತೆ, ಪಾಯ ಮೇಲೆ ಕೆಳಗೆ ಆಗುತ್ತೆ. ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಹೋಗಿದ್ದರೆ ಹೇಳಿ. ಹಾಗಿದ್ದರೆ ಮೇಲೆ ಏನು ಬಳಿದರೂ ಮತ್ತೆ ಬಿಡುತ್ತೆ, ಎಂಜಿನಿಯರ್ ಕರೆಸಿ ಪಾಯ ತೋರಿಸಬೇಕು. ಮಸಾರಿ ನೆಲದಲ್ಲಿ, ಅಂದ್ರೆ ಕೆಂಪು ಮಣ್ಣಿನಲ್ಲಿ, ಈ ತಾಪತ್ರಯ ಕಡಿಮೆ.

ಈಗ ಪರೀಕ್ಷೆ. ಊಹೆ ಮೇಲೆ ದುಡ್ಡು ಹಾಕಬೇಡಿ. ಮೂರು ನಾಲ್ಕು ದಿನ ಮಳೆ ಇಲ್ಲದಾಗ, ಒಳಗೆ ತೊಟ್ಟಿಕ್ಕೋದು ನಿಂತ ಮೇಲೆ ಮಾಡಿ. ಮೊದಲು ರಾತ್ರಿ ಟ್ಯಾಂಕ್ ತುಂಬಿಸಿ, ವಾಲ್ವ್ ಎಲ್ಲ ಬಂದ್ ಮಾಡಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಅದು ಟ್ಯಾಂಕಿನ ತಾಪತ್ರಯ, ಮಳೆಯದಲ್ಲ. ಟ್ಯಾಂಕ್ ಸರಿ ಇದ್ದರೆ ಕಂಬಿಗಳ ಸುತ್ತ ಮೂರು ನಾಲ್ಕು ಅಡಿ ಬಿಟ್ಟು ಉಸುಕು ಸಿಮೆಂಟಿನಲ್ಲಿ ಸಣ್ಣ ಒಡ್ಡು ಕಟ್ಟಿ. ಒಂದು ಇಂಚು, ಹೆಚ್ಚೆಂದರೆ ಎರಡು ಇಂಚು ನೀರು ನಿಲ್ಲಿಸಿ. ಎರಡು ಇಂಚು ನೀರು ಅಂದ್ರೆ ಚದರ ಮೀಟರಿಗೆ 50 ಕೆಜಿ ಭಾರ, ನೆನಪಿರಲಿ. ಸೀಲಿಂಗಿನ ಕಾಂಕ್ರೀಟ್ ಉದುರಿ ಕಂಬಿ ಕಾಣುವ ಮನೆಗಳಲ್ಲಿ ಈ ಪರೀಕ್ಷೆ ಮಾಡಲೇಬಾರದು. ಎರಡು ದಿನ ಹಾಗೇ ಬಿಟ್ಟು ಕೆಳಗೆ ನೋಡುತ್ತಾ ಇರಿ. ಫ್ಯಾನ್ ಹತ್ತಿರ ಬಂತೋ, ಕಳ್ಳ ಸಿಕ್ಕ. ಬರಲಿಲ್ಲವೋ, ಒಡ್ಡು ಒಡೆದು ಪಕ್ಕದ ಜಾಗದಲ್ಲಿ ಕಟ್ಟಿ. ಇಡೀ ಮಾಳಿಗೆಗೆ ಒಂದೇ ಸಲ ನೀರು ನಿಲ್ಲಿಸಿದರೆ ಸೋರುತ್ತೆ ಅನ್ನೋದು ಗೊತ್ತಾಗುತ್ತೆ, ಎಲ್ಲಿಂದ ಅನ್ನೋದು ಗೊತ್ತಾಗೋದಿಲ್ಲ.

ಅತ್ತೆಯವರ ಮಾತು ಸುಳ್ಳಲ್ಲ, ಆದರೆ ಅರ್ಧ. ಮಣ್ಣಿನ ಮಾಳಿಗೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ತಂದು ಹಾಕಿ, ತುಳಿದು, ನೀರು ಹೊರಗೆ ಹೋಗೋ ದೋಣಿ ಸರಿ ಮಾಡುತ್ತಿದ್ದರು. ಅಷ್ಟು ಆರೈಕೆ ಇದ್ದುದಕ್ಕೆ ಸೋರಲಿಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಬಿಡದೆ ಹೊಡೆದ ಮಳೆಗೆ ನಮ್ಮ ಕಡೆ ಎಷ್ಟು ಮಣ್ಣಿನ ಮನೆ ಕುಸಿದವು ಅನ್ನೋದು ಅವರಿಗೂ ನೆನಪಿರುತ್ತೆ. ಆರ್‌ಸಿಸಿ ಹಾಕಿದ ಮೇಲೆ ನಾವು ಮಾಳಿಗೆ ಹತ್ತೋದು ಟ್ಯಾಂಕ್ ತುಂಬಿ ಹರಿದಾಗ ಮಾತ್ರ.

ಸಿಂಧನೂರು ಅಕ್ಕೋರು

ಪರೀಕ್ಷೆ ಮಾಡಿದೆವು. ಟ್ಯಾಂಕ್ ಮಟ್ಟ ಇಳಿದಿರಲಿಲ್ಲ. ಕಂಬಿಗಳ ಸುತ್ತ ಬೆಳಿಗ್ಗೆ ನೀರು ನಿಲ್ಲಿಸಿದೆವು. ಮಧ್ಯಾಹ್ನ ಊಟದ ಹೊತ್ತಿಗೆ ಫ್ಯಾನ್ ಬಾಕ್ಸಿನ ಅಂಚು ಒದ್ದೆ, ಸಂಜೆಗೆ ಹನಿ! ಎಂಸಿಬಿ ಇಳಿಸಿಯೇ ಮಾಡಿದ್ದು. ಪ್ಯಾರಾಪೆಟ್ ಮೂಲೆಗೆ ಬೇರೆಯಾಗಿ ನೀರು ನಿಲ್ಲಿಸಿದಾಗ ಫ್ಯಾನ್ ಹತ್ತಿರ ಏನೂ ಬರಲಿಲ್ಲ, ಮಲಗೋ ಕೋಣೆ ಮೂಲೆ ಮಾತ್ರ ಒದ್ದೆಯಾಯಿತು. ನೀವು ಹೇಳಿದ ಹಾಗೇ ಎರಡು ಕಾಯಿಲೆ. ಕಿಟಕಿ ಮೂಲೆಯಲ್ಲಿ ಓರೆ ಬಿರುಕು ಇಲ್ಲ.

ಈಗ ಏನು ಮಾಡಿಸಲಿ? ಕಂಬಿ ಕತ್ತರಿಸಿ ಬಿಡಿ ಅಂತ ಮೈದುನ. ಮನೆಯವರಿಗೆ ಮೇಲಿನ ಮನೆ ಆಸೆ ಬಿಟ್ಟಿಲ್ಲ. ಆ ಏಪ್ರಿಲ್ ಕೋಟಿಂಗ್ ಪೂರಾ ದಂಡವಾಯಿತಾ?

ಗಂಗಾವತಿ ಹಾರ್ಡ್‌ವೇರ್

ಕತ್ತರಿಸೋದು ಬೇಡ, ಮೇಲೆ ಕಟ್ಟುವಾಗ ಬೇಕಾಗುತ್ತೆ. ಕತ್ತರಿಸಿದರೂ ಉಳಿದ ತುದಿಯಲ್ಲಿ ನೀರು ಇಳಿಯೋದು ತಪ್ಪೋದಿಲ್ಲ. ಕಬ್ಬಿಣ ತುಕ್ಕು ಹಿಡಿದರೆ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತೆ. ಅದೇ ಒಳಗಿಂದ ಕಾಂಕ್ರೀಟನ್ನು ಸೀಳೋದು.

ಕಂಬಿಗಳ ಬುಡದಲ್ಲಿ ಸಡಿಲಾದ ಸಿಮೆಂಟೆಲ್ಲ ಉಳಿಯಿಂದ ತೆಗೆಸಿ, ಗಟ್ಟಿ ಕಾಂಕ್ರೀಟ್ ಸಿಗೋವರೆಗೂ. ವೈರ್ ಬ್ರಷ್‌ನಿಂದ ತುಕ್ಕು ಉಜ್ಜಿಸಿ. ಕಂಬಿಗೆ ಜಿಂಕ್ ಪ್ರೈಮರ್ ಹೊಡೆಸಿ. ಅದು ಒಣಗಿದ ಮೇಲೆ ಬುಡಕ್ಕೆ ಲೇಟೆಕ್ಸ್ (ಸಿಮೆಂಟಿಗೆ ಬೆರೆಸೋ ಅಂಟಿನಂಥ ದ್ರವ) ಬೆರೆಸಿದ ಸಿಮೆಂಟ್ ಹಾಲು ಬಳಿದು, ಹಸಿ ಇರುವಾಗಲೇ ಲೇಟೆಕ್ಸ್ ಬೆರೆಸಿದ ಗಾರೆ ತುಂಬಿ. ಕಂಬಿಯಿಂದ ಹೊರಕ್ಕೆ ಇಳಿಜಾರಾಗುವ ಹಾಗೆ ಎತ್ತರಿಸಿ, ನೀರು ಬುಡಕ್ಕೆ ಬರಲೇಬಾರದು. ಉಳಿದ ಕಂಬಿಯನ್ನು ಬಡ ಕಾಂಕ್ರೀಟಿನಲ್ಲಿ ಮುಚ್ಚಿಸಿಬಿಡಿ, ಸಿಮೆಂಟ್ ಕಡಿಮೆ ಹಾಕಿದ್ದು. ಮುಂದೆ ಕಟ್ಟುವಾಗ ಸುತ್ತಿಗೆಯಲ್ಲಿ ಒಡೆದು ತೆಗೆಯಬಹುದು. ಆಗ ಎಂಜಿನಿಯರ್ ಕೈಲಿ ಕಂಬಿ ಎಷ್ಟು ಸವೆದಿದೆ ಅಂತ ತೋರಿಸಿಯೇ ಮೇಲೆ ಎಬ್ಬಿಸಿ.

ಪ್ಯಾರಾಪೆಟ್ ಬುಡದ ಬಿರುಕನ್ನು ಅರ್ಧ ಇಂಚು ಅಗಲಕ್ಕೆ ಕೆತ್ತಿಸಿ ಅದೇ ಗಾರೆ ತುಂಬಿಸಿ. ಮೂಲೆಗೆ ಎರಡು ಮೂರು ಇಂಚಿನ ಗೋಲ ಕೊಡಿಸಿ. ಚೌಕ ಮೂಲೆಯಲ್ಲಿ ಕೋಟಿಂಗ್ ಬೇಗ ಸೀಳುತ್ತೆ. ಅದರ ಮೇಲೆ ಫೈಬರ್ ಜಾಲರಿ ಇಟ್ಟು ಎರಡು ಕೋಟು, ಗೋಡೆ ಮೇಲೂ ಒಂದು ಅಡಿ ಏರಿಸಿ. ಪ್ಯಾರಾಪೆಟ್ ತಲೆ ಸಪಾಟಾಗಿದ್ದರೆ ಮಾಳಿಗೆ ಕಡೆಗೆ ಸ್ವಲ್ಪ ಇಳಿಜಾರು ಕೊಡಿಸಿ.

ಏಪ್ರಿಲ್ ಕೋಟಿಂಗ್ ಪೂರಾ ದಂಡ ಅಲ್ಲ, ಹಿಡಿದ ಕಡೆ ಇರಲಿ. ಉಬ್ಬಿದ ಕಡೆ ಮಾತ್ರ ಕೆರೆದು ತೆಗೆಸಿ. ಏಪ್ರಿಲ್ ಮಧ್ಯಾಹ್ನ ಕಾದ ಸ್ಲ್ಯಾಬಿನ ಮೇಲೆ ಹೊಡೆದಿದ್ದರೆ ಅದು ಹಿಡಿಯೋ ಮೊದಲೇ ಮೇಲೆ ಕೆನೆಗಟ್ಟಿರುತ್ತೆ. ಬೆಳಿಗ್ಗೆ ಬೇಗ ಇಲ್ಲ ಸಂಜೆ ಹೊಡೀಬೇಕು. ಧೂಳು ತೊಳೆದು, ಒಣಗಿದ ಮೇಲೆ. ಇನ್ನೊಂದು, ಈ ಅಕ್ರಿಲಿಕ್ ಕೋಟಿಂಗ್‌ಗಳಿಗೆ ನೀರು ನಿಂತರೆ ಆಗಿಬರೋದಿಲ್ಲ, ಮೆತ್ತಗಾಗಿ ಬಿಡುತ್ತವೆ. ಹಾಗಾಗಿ ಟ್ಯಾಂಕ್ ಕಡೆ ತಗ್ಗಿಗೆ ವಾಟ ಕೊಡಿಸೋದೇ ಮೊದಲ ಕೆಲಸ. ಇಡೀ ಮಾಳಿಗೆಗೆ ಬೇಡ, ಆ ತಗ್ಗಿಗೆ ಮಾತ್ರ. ಗಾರೆ ಹಾಕಿದ ಕಡೆಯೆಲ್ಲ ಗೋಣಿಚೀಲ ಹಾಸಿ ನೀರು ಕುಡಿಸಿ. ಸ್ಲ್ಯಾಬಿಗೇ ನಮ್ಮಂಥ ಬಿಸಿ, ಒಣ ಹವೆಯಲ್ಲಿ ಕನಿಷ್ಠ 10 ದಿನ ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತೆ. ನಮ್ಮ ಗೌಂಡಿಗಳು ಮೂರನೇ ದಿನಕ್ಕೆ "ಸಾಕ್ರಿ" ಅಂತಾರೆ. ಲೇಟೆಕ್ಸ್ ಗಾರೆಗೆ ಮಾತ್ರ ಇಷ್ಟು ದಿನ ಬೇಡ, ಡಬ್ಬಿ ಮೇಲೆ ಬರೆದಷ್ಟು ಸಾಕು.

ಇನ್ನೊಂದು ಪೈಪ್ ಹಾಕಿಸಿಕೊಳ್ಳಿ. ಈಗಿರೋದಕ್ಕಿಂತ ಎರಡು ಇಂಚು ಎತ್ತರದಲ್ಲಿ, ಪ್ಯಾರಾಪೆಟ್‌ನಲ್ಲಿ ತೂತು ಮಾಡಿ ಹೊರಕ್ಕೆ. ಕೆಳಗಿನದು ಕಟ್ಟಿಕೊಂಡರೆ ಅದರಿಂದ ನೀರು ಬೀಳೋದು ಅಂಗಳದಲ್ಲಿ ಕಾಣುತ್ತೆ, ಗೊತ್ತಾಗುತ್ತೆ. ಮೆಣಸಿನಕಾಯಿ ಒಣಗಿಸೋದಕ್ಕೆ ತಾಡಪತ್ರಿ ಹಾಸಿಕೊಳ್ಳಿ, ಪೈಪಿನ ಬಾಯಿಗೆ ಜಾಲರಿ ಇಡಿ.

ಸಿಂಧನೂರು ಅಕ್ಕೋರು

ಭಾನುವಾರ ಗೌಂಡಿ ಬರ್ತಾನೆ ಸರ್. ನೀವು ಬರೆದಿದ್ದನ್ನು ಅವನಿಗೆ ಓದಿ ಹೇಳ್ತೀನಿ. ಮೈದುನನ ತಗಡಿನ ವಿಷಯ ಮಾತ್ರ ಉಳಿದಿದೆ. ಬಿಸಿಲಿಗಾದರೂ ಹಾಕಿಸಬಹುದಾ?

ಗಂಗಾವತಿ ಹಾರ್ಡ್‌ವೇರ್

ಬಿಸಿಲಿಗೆ ಹಾಕಿಸಿ, ಒಳ್ಳೆಯದೇ. ಸ್ಲ್ಯಾಬ್ ಕಾಯೋದು ಕಡಿಮೆಯಾದರೆ ಬಿರುಕೂ ಕಡಿಮೆ. ಆದರೆ ಸೋರೋದನ್ನು ರಿಪೇರಿ ಮಾಡಿಸಿದ ಮೇಲೆ ಹಾಕಿಸಿ. ಇರಚಲು ಮಳೆ ತಗಡಿನ ಕೆಳಗೂ ಬರುತ್ತೆ. ಶೆಡ್ಡಿನವರು ಕಂಬ ನಿಲ್ಲಿಸೋಕೆ ಸ್ಲ್ಯಾಬಿಗೆ ಕೊರೆದು ಬೋಲ್ಟ್ ಹಾಕ್ತಾರೆ, ಅದಕ್ಕೆ ಮಾತ್ರ ಒಪ್ಪಬೇಡಿ. ಪಿಲ್ಲರ್ ಇರುವ ಜಾಗದ ಮೇಲೆ ಸಿಮೆಂಟ್ ಕಟ್ಟೆ ಕಟ್ಟಿ, ಅದರಲ್ಲಿ ಕಂಬ ಕೂರಿಸಲಿ. ಮುಂಗಾರಿಗೆ ಮುಂಚಿನ ಗಾಳಿ ಗೊತ್ತಲ್ಲ, ಕಟ್ಟೆಗೆ ಭಾರ ಇರಬೇಕು, ಗಾಳಿ ಬರೋ ಕಡೆ ತಗಡು ತಗ್ಗಾಗಿರಬೇಕು. ತಗಡಿನ ಸ್ಕ್ರೂ ಏಣಿನ ಮೇಲೆ ಬೀಳಬೇಕು, ನೀರು ಹರಿಯುವ ತಗ್ಗಿನಲ್ಲಿ ಬೇಡ. ವಾಷರ್ ಇಪಿಡಿಎಂ ರಬ್ಬರಿನದೇ ಕೇಳಿ. ಕಡಿಮೆ ಬೆಲೆಯ ವಾಷರ್ ನಮ್ಮ ಬಿಸಿಲಿಗೆ ಬೇಗ ಬಿರಿಯುತ್ತೆ. ಬೇರೆ ಅಂಗಡಿಯಲ್ಲಿ ತಗೊಂಡರೂ ಪರವಾಗಿಲ್ಲ.